ಅಲೆಯಿಲ್ಲದ ನೀರು

ಸೆಪ್ಟೆಂಬರ್ 29

ಮಗಳೇ,

ನಿನ್ನ ಕಾಗದ ಬಂತು. ನಾನು ನೆಟ್ಟಗಿದ್ದೇನೆ, ನೀನೂ ನೆಟ್ಟಗಿರು. ಫೋನು ಮಾಡಿದರೆ ಮುಗಿಯುತ್ತಿತ್ತಲ್ಲ ಎಂದು ಸೀಟಿಯಪ್ಪ ಹೇಳಿದ. ಅವನು ನಮ್ಮ ದಡದ ಕಾವಲುಗಾರ, ಕುತ್ತಿಗೆಯಲ್ಲಿ ಸದಾ ಸೀಟಿ ಇರುವುದರಿಂದ ಆ ಹೆಸರು. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ, ನನ್ನದು ಮುಗಿಯುವ ತನಕ ನೀನು ಸುಮ್ಮನಿರಲೇಬೇಕು.

ನಮ್ಮೂರಿನ ಪ್ರವಾಸಿ ಕಚೇರಿಯವರು ಕೈಪತ್ರ ಮಾಡಿಕೊಡಿ ಎಂದು ನಿಮ್ಮ ಪ್ರೆಸ್ಸಿಗೇ ಕೊಟ್ಟಿದ್ದಾರೆ, ಯಜಮಾನರು ಆ ಕೆಲಸ ಪೂರ್ತಿ ನಿನಗೇ ಒಪ್ಪಿಸಿದ್ದಾರೆ ಎಂದು ಬರೆದಿದ್ದೀಯ. ಸಂತೋಷ. ಆದರೆ ಇಲ್ಲಿಗೆ ಬಂದವರು ಮಾಡಬೇಕಾದ ಹನ್ನೆರಡು ಸಂಗತಿ ಹೇಳು ಅಂದರೆ ನಾನು ಎಲ್ಲಿಂದ ತರಲಿ? ಐವತ್ತು ವರ್ಷದಿಂದ ಈ ಮರಳಿನ ಮೇಲೆ ಲಾರಿ ಟ್ಯೂಬು ಬಾಡಿಗೆಗೆ ಕೊಡುತ್ತಿದ್ದೇನೆ, ಉಪ್ಪು ತೊಳೆದುಕೊಳ್ಳಲು ನಾಲ್ಕು ಸ್ನಾನದ ಕೋಣೆ ಇಟ್ಟಿದ್ದೇನೆ. ಬಂದವರು ಮಾಡುವುದೆಲ್ಲ ನೋಡಿದ್ದೇನೆ. ಮಾಡಬೇಕಾದದ್ದು ಮಾಡಿದವರನ್ನು ಕಂಡದ್ದು ಕಡಿಮೆ.

ಆದರೂ ಕೇಳಿದ್ದೀಯ, ಬರೆದುಕೋ. ದೀಪಸ್ತಂಭ ಹತ್ತಬಹುದು, ನೂರಾ ಎಂಬತ್ತು ಮೆಟ್ಟಿಲು. ಮೇಲೆ ಹೋದ ಮೇಲೆ ಮಂಡಿ ನೋವು ಅಂತ ಅಳಬಾರದು, ಹೊತ್ತು ತರಲು ಅಲ್ಲಿ ಯಾರೂ ಇಲ್ಲ. ಗಾಜಿನ ತಳದ ದೋಣಿಯಲ್ಲಿ ಕೂತು ಮೀನು ನೋಡಬಹುದು, ವಾಂತಿಯನ್ನು ಆಚೆ ಬಗ್ಗಿ ಮಾಡಬೇಕು. ಕುದುರೆ ಸವಾರಿ ಇದೆ, ಆ ಕುದುರೆಗೆ ನನಗಿಂತ ಮುಂಗೋಪ. ಚಿಪ್ಪು ಆರಿಸಬಹುದು, ಒಳಗೆ ಜೀವ ಇದೆಯೋ ಇಲ್ಲವೋ ನೋಡಿ ಆರಿಸಲಿ, ಆಮೇಲೆ ಪೆಟ್ಟಿಗೆಯೆಲ್ಲ ನಾರುತ್ತದೆ ಎಂದು ನನ್ನ ಹತ್ತಿರ ಬರಬಾರದು. ಸೂರ್ಯ ಮುಳುಗುವುದನ್ನು ನೋಡಬಹುದು. ಅವನು ಎಲ್ಲ ಊರಿನಲ್ಲೂ ಮುಳುಗುತ್ತಾನೆ, ಇಲ್ಲಿ ಮಾತ್ರ ಚಪ್ಪಾಳೆ ತಟ್ಟುತ್ತಾರೆ. ಮರಳಿನಲ್ಲಿ ಮನೆ ಕಟ್ಟಬಹುದು, ಕುತ್ತಿಗೆವರೆಗೆ ಹೂತುಕೊಳ್ಳಬಹುದು, ಮಧ್ಯಾಹ್ನ ಟೋಪಿ ಇಲ್ಲದೆ ಮಲಗಿದರೆ ಸಂಜೆಗೆ ಸುಟ್ಟ ಬದನೆಕಾಯಿ ಆಗಬಹುದು.

ಮುಖ್ಯವಾದದ್ದು ಒಂದೇ. ಸಮುದ್ರದೊಳಕ್ಕೆ ಚಾಚಿದ ಕಲ್ಲುಕಟ್ಟೆಯ ಬಲಕ್ಕೆ, ನಲವತ್ತು ಹೆಜ್ಜೆ ಅಗಲ, ಅಲೆಯಿಲ್ಲದ ನೀರಿದೆ. ಎಲ್ಲಕ್ಕಿಂತ ಮೊದಲು ಅದನ್ನು ಹಾಕು. ದೊಡ್ಡಕ್ಷರದಲ್ಲಿ ಹಾಕು. ಬಂದವರೆಲ್ಲರ ಕಣ್ಣಿಗೆ ಬೀಳಬೇಕು. ಉಳಿದದ್ದು ಓದಿದರೂ ಸೈ, ಬಿಟ್ಟರೂ ಸೈ.

ನಿಮ್ಮಮ್ಮನಿಗೆ ಹೇಳು, ನನ್ನ ಆರೋಗ್ಯ ಕೇಳುವುದನ್ನು ನಿಲ್ಲಿಸು ಅಂತ.

ದೊಡ್ಡಮ್ಮ

*

ಅಕ್ಟೋಬರ್ 8

ಪ್ರೀತಿಯ ದೊಡ್ಡಮ್ಮನಿಗೆ,

ನಿಮ್ಮ ಕಾಗದ ಓದಿ ನಾನೂ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸುಟ್ಟ ಬದನೆಕಾಯಿಯನ್ನು ಮಾತ್ರ ಬಿಡಬೇಕಾಯಿತು, ಕ್ಷಮಿಸಿ. ಕಚೇರಿಯವರಿಗೆ ಸ್ವಲ್ಪ ಮೃದುವಾದ ಭಾಷೆ ಬೇಕಂತೆ.

ಕೆಲಸ ಮುಗಿದಿದೆ. ಇಷ್ಟು ಬೇಗ ಮುಗಿಸಿದ್ದು ಕಂಡು ಯಜಮಾನರೇ ಬಂದು, "ಪರವಾಗಿಲ್ಲ, ಇನ್ಮೇಲೆ ಪ್ರವಾಸದ ಕೆಲಸವೆಲ್ಲ ನಿನ್ನ ಮೇಜಿಗೇ ಬರಲಿ" ಅಂದರು. ಆರು ವರ್ಷ ಬೇರೆಯವರ ಅಕ್ಷರ ತಿದ್ದಿದ ಮೇಲೆ ಕೇಳಿದ ಮೊದಲ ಒಳ್ಳೆಯ ಮಾತು ಅದು.

ನೀವು ಹೇಳಿದ ಹಾಗೆ ಅಲೆಯಿಲ್ಲದ ನೀರನ್ನೇ ಮೊದಲು ಹಾಕಿದ್ದೇನೆ, ಮುಖಪುಟದಲ್ಲಿ, ಕಚೇರಿಯವರು ಕಳಿಸಿದ ಚಿತ್ರದ ಜೊತೆ. ಎಷ್ಟು ಚೆಂದದ ಜಾಗ ದೊಡ್ಡಮ್ಮ! ನೀಲಿ ಗಾಜಿನ ಹಾಗಿದೆ. ಸಾಲು ಹೀಗಿದೆ: "ಕಲ್ಲುಕಟ್ಟೆಯ ಬಲಕ್ಕೆ ಅಲೆಗಳೇ ಇಲ್ಲದ ಪ್ರಶಾಂತ ನೀರು. ಮಕ್ಕಳಿಗೂ ಈಜು ಬಾರದವರಿಗೂ ಕಡಲು ತಾನೇ ಹಾಸಿಕೊಟ್ಟ ತೊಟ್ಟಿಲು." ತೊಟ್ಟಿಲು ಎಂಬ ಮಾತು ನನ್ನದು. ಅಧಿಕಾರಿಗಳಿಗೆ ತುಂಬಾ ಹಿಡಿಸಿತಂತೆ, ಅನುಮೋದನೆ ಮುದ್ರೆಯೂ ಬಿದ್ದಿದೆ.

ಎಂಟು ಸಾವಿರ ಪ್ರತಿ ಅಚ್ಚಾಗುತ್ತಿದೆ. ಹದಿನೆಂಟಕ್ಕೆ ಲಾರಿಗೆ ಹಾಕುತ್ತಾರೆ, ನವೆಂಬರ್ ಹತ್ತಕ್ಕೆ ಸೀಸನ್ ಶುರುವಾಗುವ ಹೊತ್ತಿಗೆ ಪ್ರತಿ ಹೋಟೆಲಿನ ಕೋಣೆಯಲ್ಲೂ ಒಂದೊಂದು ಇರುತ್ತದೆ. ಮೊದಲ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಹೆಸರು ಹಾಕಲು ಕೇಳಿದೆ, ಕೊಡಲಿಲ್ಲ. ಆದರೆ ಆ ಮೊದಲ ಸಾಲು ನಿಮ್ಮದು ಎಂದು ಇಡೀ ಪ್ರೆಸ್ಸಿಗೆ ಗೊತ್ತು.

ನಿಮ್ಮ ಮಗಳು

*

ಅಕ್ಟೋಬರ್ 14

ಸುಡು ಅದನ್ನ.

ಮೊದಲು ಸುಡು, ಆಮೇಲೆ ಈ ಕಾಗದದ ಉಳಿದದ್ದು ಓದು. ಎಂಟು ಸಾವಿರವನ್ನೂ ಸುಡು. ಲಾರಿಗೆ ಹಾಕಿದ್ದರೆ ಲಾರಿ ಸಮೇತ ಸುಡು.

ತೊಟ್ಟಿಲಂತೆ! ಯಾರಿಗೆ ತೊಟ್ಟಿಲು? ಮಕ್ಕಳಿಗೆ? ಈಜು ಬಾರದವರಿಗೆ? ಓದಿದ್ದು ಹದಿನಾರು ವರ್ಷ, ತಲೆಯಲ್ಲಿ ಇರುವುದು ಹೊಟ್ಟು. ಸಮುದ್ರ ಸುಮ್ಮನಿರುವ ಕಡೆ ಕಾಲಿಟ್ಟವರ ಕಾಲು ಮುರಿಯುತ್ತೇನೆ ಎಂದು ನಾನು ಐವತ್ತು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದೇನೆ. ನೀನು ಅಲ್ಲಿಗೆ ಮಕ್ಕಳನ್ನು ಕರೆಯುತ್ತೀಯ, ಅದೂ ಮುಖಪುಟದಲ್ಲಿ, ಬಣ್ಣ ಬಳಿದು!

ಕೆರೆ ನೋಡಿ ಬೆಳೆದವಳು ನೀನು. ಸುಮ್ಮನಿರುವ ನೀರು ಸಾಧು ಅಂದುಕೊಂಡೆ. ಕೇಳು. ಅಲೆ ಅಂದರೆ ಒಳಗಿನಿಂದ ದಡಕ್ಕೆ ಬರುವ ನೀರು. ಬಂದ ನೀರೆಲ್ಲ ದಡದಲ್ಲೇ ಸಂಸಾರ ಹೂಡುತ್ತದೆಯೇ? ವಾಪಸು ಹೋಗಬೇಕಲ್ಲ. ಹೋಗಲು ಅದು ಒಂದು ಬಾಗಿಲು ಮಾಡಿಕೊಳ್ಳುತ್ತದೆ. ಆ ಬಾಗಿಲಿನಲ್ಲಿ ತಳ ಆಳ, ಅದಕ್ಕೇ ಅಲೆ ಒಡೆಯುವುದಿಲ್ಲ. ಮೇಲಿನಿಂದ ನೋಡಿದರೆ ಹಾಸಿಗೆ ಹಾಸಿದ ಹಾಗೆ. ಸೊಂಟದ ಮಟ್ಟಕ್ಕೆ ಇಳಿ, ಕಾಲ ಕೆಳಗಿನ ಮರಳು ಜಾರುತ್ತದೆ, ಮೂರು ಉಸಿರು ಎಳೆಯುವಷ್ಟರಲ್ಲಿ ದಡದಲ್ಲಿ ನಿಂತ ನಿನ್ನ ಗಂಡ ಹೆಬ್ಬೆರಳಷ್ಟು ಕಾಣುತ್ತಾನೆ.

ಈಜುಗಾರರೇ ಮೊದಲು ಹೋಗುತ್ತಾರೆ, ಯಾಕೆ ಗೊತ್ತಾ? ದಡದ ಕಡೆಗೆ ಈಜುತ್ತಾರೆ. ಅದರ ಎದುರು ಈಜಿ ಗೆದ್ದವರನ್ನು ನಾನು ನೋಡಿಲ್ಲ. ಜಗಳ ಆಡಬೇಡ. ಎಪ್ಪತ್ತೊಂದು ವರ್ಷದಲ್ಲಿ ನಾನು ಜಗಳ ಆಡದೆ ಬಿಟ್ಟದ್ದು ಅದೊಂದರ ಜೊತೆ ಮಾತ್ರ. ಮಲಗು. ಬೆನ್ನ ಮೇಲೆ ಮಲಗು, ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡು, ಒಂದು ಕೈ ಎತ್ತು. ಅದು ನಿನ್ನನ್ನು ಸಮುದ್ರದ ಆ ತುದಿಗೇನೂ ಒಯ್ಯುವುದಿಲ್ಲ, ಸ್ವಲ್ಪ ದೂರ ಹೋಗಿ ಅದಕ್ಕೇ ಸುಸ್ತಾಗುತ್ತದೆ. ಆಮೇಲೆ ಅಡ್ಡ ಹೋಗು. ಕಲ್ಲುಕಟ್ಟೆಗೆ ಬೆನ್ನು ಹಾಕಿ ದಡದ ಉದ್ದಕ್ಕೆ, ಅಲೆ ಒಡೆಯುವ ಕಡೆಗೆ. ನೀನು ಯಾವ ಅಲೆಗೆ ಹೆದರಿ ಇಲ್ಲಿಗೆ ಬಂದಿದ್ದೆಯೋ ಆ ಅಲೆಯೇ ನಿನ್ನನ್ನು ತಂದು ದಡಕ್ಕೆ ಒಗೆಯುತ್ತದೆ. ಬಟ್ಟೆ ಒಗೆದ ಹಾಗೆ ಒಗೆಯುತ್ತದೆ, ಮೊಣಕೈ ತರಚುತ್ತದೆ, ಬದುಕುತ್ತೀಯ.

ಕೆಂಪು ಬಾವುಟ ನೆಟ್ಟರೆ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬೋರ್ಡು ಹಾಕಿದರೆ ಅದರ ಮೇಲೆ ಟವೆಲು ಒಣಹಾಕುತ್ತಾರೆ. ಹೋದ ಸೀಸನ್ನಿನಲ್ಲಿ ಮೂರು ಜನ. ಮೂವರೂ ಅಲ್ಲೇ. ಈ ಸಲ ನಿನ್ನ ಕೈಪತ್ರ ಹಿಡಿದುಕೊಂಡು ಹುಡುಕಿಕೊಂಡು ಬರುತ್ತಾರೆ, "ತೊಟ್ಟಿಲು ಎಲ್ಲಿದೆ ಅಜ್ಜಿ?" ಅಂತ.

ನಾಚಿಕೆಯಾಗಬೇಕು ನಿನಗೆ.

*

ಅಕ್ಟೋಬರ್ 27

ಮಗಳೇ,

ಹದಿಮೂರು ದಿನ ಆಯಿತು. ನಿನ್ನಿಂದ ಒಂದು ಸಾಲೂ ಇಲ್ಲ, ಫೋನೂ ಎತ್ತುತ್ತಿಲ್ಲ. ನಿಮ್ಮಮ್ಮನಿಗೆ ಫೋನು ಮಾಡಿದೆ, "ಅವಳು ಬೆಳಿಗ್ಗೆ ಹೋದರೆ ಊಟಕ್ಕೂ ಬರ್ತಿಲ್ಲ, ಮುಖ ಊದಿಸ್ಕೊಂಡಿದ್ದಾಳೆ, ನೀನು ಏನು ಬರೆದೆ ಅಕ್ಕ?" ಅಂದಳು. ಏನು ಬರೆದೆ ಅಂತ ಹೇಳಲಿಲ್ಲ.

ಮುನಿಸಿಕೊಂಡಿದ್ದರೆ ಮುನಿಸಿಕೋ. ಆದರೆ ಲಾರಿ ಹೊರಟಿತೋ ಇಲ್ಲವೋ ಅಷ್ಟು ಹೇಳು. ದಿನಾ ಪ್ರವಾಸಿ ಕಚೇರಿಗೆ ಹೋಗಿ ಕಟ್ಟು ಬಂತಾ ಎಂದು ಕೇಳುತ್ತಿದ್ದೇನೆ. ಅಲ್ಲಿಯ ಅಧಿಕಾರಿ ಹೊಸಬ, ಪ್ಯಾಂಟಿನ ಗೀರಿನಲ್ಲಿ ತರಕಾರಿ ಹೆಚ್ಚಬಹುದು, ನಾವು ಇಸ್ತ್ರಿ ಅಂತ ಕರೆಯುತ್ತೇವೆ. ನಾನು ಕೈಪತ್ರಕ್ಕಾಗಿ ಕಾತರದಿಂದ ಕಾಯುತ್ತಿದ್ದೇನೆ ಎಂದುಕೊಂಡಿದ್ದಾನೆ. "ಬಂದ ತಕ್ಷಣ ಮೊದಲ ಪ್ರತಿ ನಿಮಗೇ ಅಮ್ಮ" ಅನ್ನುತ್ತಾನೆ. ಚಿತ್ರದ ಜಾಗ ಸಾವಿನ ಜಾಗ ಕಣಪ್ಪ ಅಂದೆ. "ಅಷ್ಟು ಚೆನ್ನಾಗಿದೆಯಲ್ಲ ಅಮ್ಮ!" ಅಂದ. ಕೋಣನ ಮುಂದೆ ಕಿನ್ನರಿ.

ಕೂತು ಯೋಚನೆ ಮಾಡಿದೆ. ತಪ್ಪು ನಿನ್ನದಲ್ಲ. ನಾನು ಬರೆದದ್ದೇ ಅಷ್ಟು. ಅಲೆಯಿಲ್ಲದ ನೀರಿದೆ ಎಂದೆ, ಅಲ್ಲಿಗೆ ಇಳಿಯಬೇಡಿ ಎಂದು ಬರೆಯಲೇ ಇಲ್ಲ. ಬೆಂಕಿ ಇದೆ ಅಂದ ಮೇಲೆ ಸುಡುತ್ತದೆ ಅಂತ ಬೇರೆ ಹೇಳಬೇಕಾ ಎಂಬ ಸೊಕ್ಕು ನನಗೆ. ನಮ್ಮ ಕಡೆ ಮಗು ನಡೆಯಲು ಕಲಿಯುವ ಮೊದಲೇ ಅದು ಗೊತ್ತಿರುತ್ತದೆ. ನಿನಗೆ ಯಾರು ಹೇಳಬೇಕಿತ್ತು? ನಾನೇ ತಾನೆ.

ಇನ್ನೊಂದು ಮಾತು. ಯಾರಿಗೂ ಹೇಳಿಲ್ಲ, ನಿಮ್ಮಮ್ಮನಿಗೂ ಹೇಳಬೇಡ. ಹೋದ ಸೀಸನ್ನಿನ ಮೂರನೆಯವಳು ಚಿತ್ರ ಬರೆಯುವ ಟೀಚರು. ನಾಲ್ಕು ದಿನ ನನ್ನ ಕೋಣೆಯಲ್ಲೇ ಸ್ನಾನ ಮಾಡಿದ್ದಳು, ಹಳದಿ ಟೋಪಿ. ಸೀಟಿಯಪ್ಪ ಆ ತುದಿಯಲ್ಲಿದ್ದ, ನಾನು ಟ್ಯೂಬು ಹಾಕಿಕೊಂಡು ಹೋದೆ. ಮಣಿಕಟ್ಟು ಸಿಕ್ಕಿತು. ಎಳೆದೆ, ನನ್ನ ಭುಜ ಕಳಚಿತು. ಕೈ ತಾನೇ ಬಿಟ್ಟಿತು ಮಗಳೇ, ನಾನು ಬಿಡಲಿಲ್ಲ. ಸ್ನಾನದ ಕೋಣೆಯಲ್ಲಿ ಜಾರಿಬಿದ್ದೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದೇನೆ. ಆ ಕೈ ಈಗ ಎದೆಯಿಂದ ಮೇಲೆ ಏಳುವುದಿಲ್ಲ.

ಇದುವರೆಗೆ ಎಷ್ಟೋ ಜನರನ್ನು ಎಳೆದು ತಂದೆ, ಎಣಿಸಿಲ್ಲ. ಈ ಸೀಸನ್ನಿನಲ್ಲಿ ಯಾರಾದರೂ ಅಲ್ಲಿಗೆ ಇಳಿದರೆ ನಾನು ದಡದಲ್ಲಿ ನಿಂತು ನೋಡಬೇಕು. ನನ್ನ ಹತ್ತಿರ ಉಳಿದದ್ದು ಬಾಯಿ ಒಂದೇ. ಅದು ಎರಡು ಮೈಲಿಯ ದಡಕ್ಕೆ ಸಾಲುವುದಿಲ್ಲ.

ಒಂದು ಸಾಲು ಬರೆ.

*

ನವೆಂಬರ್ 3

ದೊಡ್ಡಮ್ಮ,

ನಿಮ್ಮ ಇಪ್ಪತ್ತೇಳರ ಕಾಗದ ಓದಿ ಪ್ರೆಸ್ಸಿನ ಹಿಂದಿನ ಗೋದಾಮಿನಲ್ಲಿ ಕೂತು ಅತ್ತೆ. ಭುಜದ ವಿಷಯ ಅಮ್ಮನಿಗೆ ಹೇಳಿಲ್ಲ.

ಲಾರಿ ಹೋಗಲಿಲ್ಲ. ನಿಮ್ಮ ಬೈಗುಳದ ಕಾಗದ ಸಿಕ್ಕಿದ್ದು ಹದಿನೆಂಟರ ಮಧ್ಯಾಹ್ನ, ಕಟ್ಟುಗಳು ಲಾರಿಯಲ್ಲಿ ಕೂತಿದ್ದವು. ನಾನು ಡ್ರೈವರ್ ಪಕ್ಕದ ಮೆಟ್ಟಿಲ ಮೇಲೆ ನಿಂತುಬಿಟ್ಟೆ. "ಇಳಿಯಮ್ಮ, ಗಾಡಿ ತೆಗೀಬೇಕು" ಅಂದರು. "ಕಟ್ಟು ಇಳಿಸಿ, ಆಮೇಲೆ ನಾನು ಇಳೀತೀನಿ" ಅಂದೆ. ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ, ನಿಮ್ಮ ಕಾಗದ ಕೈಯಲ್ಲಿತ್ತು. ಯಜಮಾನರು ಗಲಾಟೆ ಕೇಳಿ ಹೊರಗೆ ಬಂದರು. ನಾನು ಕಾಗದವನ್ನೇ ಅವರ ಕೈಗೆ ಕೊಟ್ಟೆ. "ಸುಡು ಅದನ್ನ" ಅಂತ ಶುರುವಾಗುವ ಕಾಗದವನ್ನು ಅವರು ನಿಂತೇ ಎರಡು ಸಲ ಓದಿದರು, ಆಮೇಲೆ ಯಂತ್ರ ನಿಲ್ಲಿಸಿ ಎಲ್ಲರಿಗೂ ಕೇಳುವ ಹಾಗೆ ಓದಿದರು. ಯಾರೂ ನಗಲಿಲ್ಲ. ಕೊನೆಗೆ ಡ್ರೈವರೇ ಕಟ್ಟುಗಳನ್ನು ಇಳಿಸಿದರು.

ಸುಡಲಿಲ್ಲ, ರದ್ದಿಗೆ ಹಾಕಿದೆವು. ಹೊಸದು ಅಚ್ಚಾಗುತ್ತಿದೆ. ಪಠ್ಯವನ್ನು ತಿದ್ದಿದ್ದೇನೆ, ಇನ್ನು ತಪ್ಪು ತಿಳಿಯಲು ಯಾರಿಗೂ ಜಾಗವಿಲ್ಲ. ಒಂಬತ್ತಕ್ಕೆ ಕಟ್ಟು ನಿಮ್ಮೂರು ಮುಟ್ಟುತ್ತದೆ. ಅಧಿಕಾರಿಗಳ ಅನುಮತಿಯ ಚಿಂತೆ ನಿಮಗೆ ಬೇಡ, "ಅನುಮೋದಿತ ಪಠ್ಯದಲ್ಲಿ ಸಣ್ಣ ತಿದ್ದುಪಡಿ" ಎಂದು ಬರೆದು ನಾನೇ ಸಹಿ ಮಾಡಿ ಕಳಿಸಿದ್ದೇನೆ.

ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ಮುಖ ಇರಲಿಲ್ಲ. ಮುನಿಸಲ್ಲ.

ನಿಮ್ಮ ಮಗಳು

*

ನವೆಂಬರ್ 12

ಎಲೇ ಕಳ್ಳಿ,

ಸಣ್ಣ ತಿದ್ದುಪಡಿಯಾ ಇದು?

ಹತ್ತರ ಬೆಳಿಗ್ಗೆ ಕಟ್ಟು ಬಿಚ್ಚಿದರು. ಚಿತ್ರ ಅದೇ, ನೀಲಿ ಗಾಜಿನ ನೀರು. ಅದರ ಮೇಲೆ ಬೆರಳುದ್ದ ಕೆಂಪಕ್ಷರ: "ಸಮುದ್ರ ಸುಮ್ಮನಿರುವ ಕಡೆ ಕಾಲಿಟ್ಟವರ ಕಾಲು ಮುರಿಯುತ್ತೇನೆ." ಕೆಳಗೆ "ಐವತ್ತು ವರ್ಷದಿಂದ ಈ ದಡದಲ್ಲಿರುವ ದೊಡ್ಡಮ್ಮ." ಒಳಗೆ ನನ್ನ ಕಾಗದ ಇದ್ದದ್ದು ಇದ್ದ ಹಾಗೆ. ಒಗೆಯುವುದು, ಮಲಗುವುದು, ಹೆಬ್ಬೆರಳಷ್ಟು ಗಂಡ, ಎಲ್ಲ. ಬದನೆಕಾಯಿ ಕೂಡ ವಾಪಸು ಬಂದಿದೆ. ನಿನ್ನ ತಲೆಯಲ್ಲಿ ಹೊಟ್ಟು ಅಂದದ್ದನ್ನು ಮಾತ್ರ ಜಾಣೆ ಬಿಟ್ಟಿದ್ದೀಯ.

ನನಗೆ ಮೊದಲು ಮೈ ಉರಿಯಿತು. ಮನೆಯವರಿಗೆ ಬರೆದದ್ದನ್ನು ಊರಿಗೆ ಹಂಚುತ್ತಾರೇನೇ? ಆಮೇಲೆ ಇಸ್ತ್ರಿಯ ಮುಖ ನೋಡಿದೆ, ನನ್ನ ಉರಿ ತಣ್ಣಗಾಯಿತು. ಕೈಪತ್ರ ಹಿಡಿದುಕೊಂಡು ಮರಳಿನಲ್ಲಿ ಓಡೋಡಿ ಬಂದ, ಬೂಟಿನ ತುಂಬ ಮರಳು.

"ಏನಮ್ಮ ಇದು? ಪ್ರವಾಸಿಗರ ಕಾಲು ಮುರೀತೀನಿ ಅಂತ ಸರ್ಕಾರಿ ಕಾಗದದಲ್ಲಿ ಬರೆದಿದ್ದೀರಲ್ಲ!"

"ಬರೆದದ್ದು ನಾನು, ಅಚ್ಚು ಹಾಕಿಸಿದ್ದು ನೀವು. ದುಡ್ಡು ಕೊಟ್ಟು ಬೈಸ್ಕೊಂಡಿದ್ದೀರಿ, ಚೆನ್ನಾಗಿ ಓದಿ."

"ಜನ ಹೆದರ್ತಾರೆ! ಯಾರೂ ಬರೋದಿಲ್ಲ!"

"ಹೆದರ್ಲಿ. ಹೆದರಿದವರು ಮುಂದಿನ ವರ್ಷವೂ ಬರ್ತಾರೆ. ಹೆದರದೆ ಹೋದವರು ಬಂದಿದ್ದಾರಾ, ಕೇಳಿ ಇವನನ್ನ."

ಪಕ್ಕದಲ್ಲಿದ್ದ ಸೀಟಿಯಪ್ಪ ಇಲ್ಲವೆಂದು ತಲೆ ಆಡಿಸಿದ. ಇಸ್ತ್ರಿ ಎಲ್ಲ ಕಟ್ಟೂ ವಾಪಸು ತರಿಸುತ್ತೇನೆ, ಆ ಪ್ರೆಸ್ಸಿನವರಿಗೆ ಬರೆಯುತ್ತೇನೆ, ಸಹಿ ಮಾಡಿದವರ ಕೆಲಸ ತೆಗೆಸುತ್ತೇನೆ ಎಂದು ಕೂಗಾಡಿಕೊಂಡು ಹೋದ. ಅಷ್ಟರಲ್ಲಿ ಹೋಟೆಲುಗಳಿಗೆ ಹಂಚಿ ಆಗಿತ್ತು. ವಾಪಸು ಕೇಳಲು ಹೋದರೆ ಯಾರೂ ಕೊಡಲಿಲ್ಲವಂತೆ. ಬೈಗುಳ ಅಂದರೆ ಜನಕ್ಕೆ ಅಷ್ಟು ಇಷ್ಟ ಅಂತ ಗೊತ್ತಿದ್ದರೆ ನಾನು ಇಷ್ಟು ವರ್ಷ ಪುಕ್ಕಟೆ ಬೈಯುತ್ತಿರಲಿಲ್ಲ. ಸಂಜೆಗೆ ಒಬ್ಬಳು ನನ್ನ ಕೋಣೆಯ ಮುಂದೆ ಸಾಲಿನಲ್ಲಿ ನಿಂತು ಗಂಡನಿಗೆ ಓದಿ ಹೇಳುತ್ತಿದ್ದಳು. ಮುಗಿಸಿ ನನ್ನನ್ನು ನೋಡಿದಳು. "ಇದರಲ್ಲಿರೋ ದೊಡ್ಡಮ್ಮ ಯಾರು?" ನಾನು, "ಟವೆಲು ನೆಲಕ್ಕೆ ಹಾಕಬೇಡ, ಎತ್ತು" ಅಂದೆ. "ಇವರೇ ಕಣ್ರೀ!" ಅಂತ ಗಂಡನಿಗೆ ಹೇಳಿದಳು.

ಆದರೆ ಒಂದು ಕೇಳುತ್ತೇನೆ. ನಿನ್ನ ಸಹಿಯಿಂದ ನಿನಗೇನಾಯಿತು? ನಿಜ ಬರೆ.

*

ಡಿಸೆಂಬರ್ 9

ಪ್ರೀತಿಯ ದೊಡ್ಡಮ್ಮನಿಗೆ,

ನನಗೇನೂ ಆಗಿಲ್ಲ. ಕಚೇರಿಯಿಂದ ಒಂದು ಕಾಗದ ಬಂದಿತ್ತು, ಯಜಮಾನರು ಉತ್ತರ ಬರೆದರು. ನಾನು ಸದ್ಯ ಬೈಂಡಿಂಗ್ ಕಲಿಯುತ್ತಿದ್ದೇನೆ. ಎಷ್ಟು ದಿನ ಮೇಜಿನ ಮುಂದೆಯೇ ಕೂರುವುದು? ಅಂಟು, ದಾರ, ರಟ್ಟು, ಎಲ್ಲ ಕೈಕೆಲಸ, ಒಂದು ರೀತಿ ಚೆನ್ನಾಗಿದೆ. ನಿಂತು ಮಾಡುವ ಕೆಲಸ, ಹಾಗಾಗಿ ಸೊಂಟಕ್ಕೂ ಒಳ್ಳೆಯದು.

ಅಲ್ಲಿ ಎಲ್ಲರೂ ಕ್ಷೇಮ ತಾನೆ? ಪ್ರತಿದಿನ ಬೆಳಿಗ್ಗೆ ಪತ್ರಿಕೆ ತೆಗೆದಾಗ ನಿಮ್ಮೂರಿನ ಹೆಸರು ಹುಡುಕುತ್ತೇನೆ, ಸಿಗದಿದ್ದರೆ ಸಮಾಧಾನ.

ನಿಮ್ಮ ಮಗಳು

*

ಜನವರಿ 6

ಮಗಳೇ,

ನಾನು ಶಾಲೆ ನಾಲ್ಕನೇ ಕ್ಲಾಸಿಗೆ ಬಿಟ್ಟೆ, ಕಣ್ಣು ಮುಚ್ಚಿಕೊಂಡಿಲ್ಲ. ಬೈಂಡಿಂಗ್ ಕಲಿಯುತ್ತಿದ್ದೀಯಂತೆ! ನಿನ್ನ ಮೇಜು ಕಿತ್ತುಕೊಂಡಿದ್ದಾರೆ, ಅಂಟು ಹಚ್ಚಲು ನಿಲ್ಲಿಸಿದ್ದಾರೆ. ಸೊಂಟಕ್ಕೆ ಒಳ್ಳೆಯದು ಅಂತ ನನಗೆ ಹೇಳುತ್ತೀಯ. ನಾನೂ ಸ್ನಾನದ ಕೋಣೆಯಲ್ಲಿ ಜಾರಿಬಿದ್ದೆ ಅಂತ ಹೇಳಿದವಳೇ. ಒಂದೇ ರಕ್ತ, ಒಂದೇ ಸುಳ್ಳು.

ಈಗ ನಿನ್ನೆ ನಡೆದದ್ದು ಕೇಳು. ಹೆದರಬೇಡ, ಒಳ್ಳೆಯ ಸುದ್ದಿ.

ರಜೆಯ ಜನ, ಮರಳು ಕಾಣದಷ್ಟು. ಬೆಳಿಗ್ಗೆ ಹನ್ನೊಂದರ ಹೊತ್ತು. ಒಂದು ಚೆಂಡು ಗಾಳಿಗೆ ಹಾರಿ ಕಲ್ಲುಕಟ್ಟೆಯ ಬಲಕ್ಕೆ ಬಿತ್ತು. ಒಬ್ಬ ಆಸಾಮಿ, ಔಷಧಿ ಅಂಗಡಿಯವನಂತೆ, ಹೊಟ್ಟೆ ಮುಂದೆ ಇಟ್ಟುಕೊಂಡು ಅದರ ಹಿಂದೆ ಹೋದ. ಯೋಚನೆ ಮಾಡಿ ಹೋದದ್ದಲ್ಲ, ಚೆಂಡಿನ ಹಿಂದೆ ಹೋಗುವವರು ಯಾವಾಗ ಯೋಚನೆ ಮಾಡುತ್ತಾರೆ? ನಾನು ನೋಡುವಷ್ಟರಲ್ಲಿ ಎದೆಮಟ್ಟ. ಕೂಗಿದೆ. ಮತ್ತೆ ನೋಡುವಷ್ಟರಲ್ಲಿ ಬರೀ ತಲೆ. ಸೀಟಿಯಪ್ಪ ದಡದ ಆ ತುದಿಯಲ್ಲಿ, ಚುಕ್ಕೆಯ ಹಾಗೆ.

ನಾನು ಟ್ಯೂಬು ಎತ್ತಿಕೊಂಡು ನೀರಿಗೆ ಇಳಿದೆ. ಮೊಣಕಾಲವರೆಗೆ. ಕೈ ಎತ್ತಲು ಹೋದೆ, ಏಳಲಿಲ್ಲ. ಅಲ್ಲೇ ನಿಂತೆ ಮಗಳೇ. ಐವತ್ತು ವರ್ಷದಲ್ಲಿ ಮೊದಲ ಸಲ ನಿಂತೆ. ಅವನು ದಡದ ಕಡೆಗೆ ಕೈಕಾಲು ಬಡಿಯುತ್ತಿದ್ದ. ಮುಗಿಯಿತು ಅಂದುಕೊಂಡೆ.

ಆಗ ನನ್ನ ಹಿಂದಿನಿಂದ ಒಂದು ಕೂಗು: "ಜಗಳ ಆಡಬೇಡ! ಮಲಗು!" ಯಾರೋ ಹೆಂಗಸು. ನಾನು ತಿರುಗಿ ನೋಡುವಷ್ಟರಲ್ಲಿ ಇನ್ನೊಬ್ಬ, ಆಮೇಲೆ ಹತ್ತು ಜನ, ಆಮೇಲೆ ದಡಕ್ಕೆ ದಡವೇ. ಗೊತ್ತಿಲ್ಲದ ಜನ ಕಣೇ, ಯಾವ್ಯಾವುದೋ ಊರಿನವರು, ಕೈಯಲ್ಲಿ ಚಮಚ, ಮೈಗೆ ಎಣ್ಣೆ, ಎಲ್ಲ ಎದ್ದು ನಿಂತು ಒಂದೇ ಗಂಟಲಿನಲ್ಲಿ: "ಮಲಗು! ಮಲಗು! ಅಡ್ಡ ಹೋಗು!" ನಾನೂ ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ.

ಅವನು ಮಲಗಿದ. ಹೊಟ್ಟೆ ದ್ವೀಪದ ಹಾಗೆ ಮೇಲೆ ಬಂತು, ಒಂದು ಕೈ ಎದ್ದಿತು. ನೀರು ಅವನನ್ನು ಇನ್ನೂ ಒಳಗೆ ಒಯ್ದಿತು. ಒಂದು ಹೆಂಗಸು ನನ್ನ ಒಳ್ಳೆಯ ಕೈಯನ್ನು ಉಗುರು ಊರಿ ಹಿಡಿದುಕೊಂಡಿದ್ದಳು, ಅವನ ಹೆಂಡತಿ ಅಂತ ಆಮೇಲೆ ತಿಳಿಯಿತು. ನೀರು ನಿಂತ ಕಡೆ ಅವನು ಮಗ್ಗುಲಾದ, ಕಲ್ಲುಕಟ್ಟೆಗೆ ಬೆನ್ನು ಹಾಕಿದ, ನಿಧಾನವಾಗಿ ಅಡ್ಡಕ್ಕೆ ಬಂದ, ಅಲೆ ಒಡೆಯುವ ಜಾಗಕ್ಕೆ. ಮೊದಲ ಅಲೆ ಎತ್ತಿತು. ಎರಡನೆಯದು ತಂದು ಒಗೆಯಿತು. ಮುನ್ನೂರು ಹೆಜ್ಜೆ ಆಚೆ, ಯಾರೂ ಮುಟ್ಟದೆ, ತನ್ನ ಕಾಲ ಮೇಲೆ ತಾನೇ ಎದ್ದು ನಿಂತ. ಎರಡೂ ಮೊಣಕೈ ತರಚಿತ್ತು.

ಆ ಕೂಗು, ಆ ಚಪ್ಪಾಳೆ! ಸೂರ್ಯನಿಗೆ ಯಾವತ್ತೂ ಅಷ್ಟು ತಟ್ಟಿಲ್ಲ. ಅವನು ಕೆಮ್ಮುತ್ತಾ ನನ್ನ ಹತ್ತಿರ ಬಂದ. "ನೀವು ಹೇಳಿದ ಹಾಗೇ ಮಾಡಿದೆ ದೊಡ್ಡಮ್ಮ. ಹೋಟೆಲಿನ ಕಕ್ಕಸಿನ ಗೋಡೆಗೆ ಅಂಟಿಸಿದ್ದರು, ದಿನಾ ಕೂತು ಓದ್ತಿದ್ದೆ." ಎರಡು ಬಾರಿಸಿದೆ ಬೆನ್ನಿಗೆ. "ಓದಿದ ಮೇಲೂ ಇಳಿದೆಯಲ್ಲ, ಕತ್ತೆ!" ಅಂದೆ. ಆಮೇಲೆ ಸ್ನಾನದ ಕೋಣೆಯ ಒಳಗೆ ಹೋಗಿ ಅಗಳಿ ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟುಕೊಂಡೆ. ಯಾಕೆ ಅಂತ ಕೇಳಬೇಡ.

ಕೇಳಿದೆಯಾ? ನೀನು ಮುನ್ನೂರು ಮೈಲಿ ದೂರದಲ್ಲಿ ಅಂಟು ಹಚ್ಚುತ್ತಾ ನಿಂತು ಒಬ್ಬ ಗಂಡಸನ್ನು ನೀರಿನಿಂದ ಎಳೆದು ಹಾಕಿದ್ದೀಯ.

ಮಧ್ಯಾಹ್ನ ಇಸ್ತ್ರಿ ಬಂದ. ಅವನೂ ದಡದಲ್ಲಿದ್ದನಂತೆ, ಅವನೂ ಕೂಗಿದನಂತೆ, ಗಂಟಲು ಕಟ್ಟಿತ್ತು. ಕೂರಿಸಿ ಹೇಳಿದೆ: "ನನ್ನ ಮಗಳ ಮೇಜು ವಾಪಸು ಕೊಡಿಸು. ನಿನ್ನ ಕೈಯಾರೆ ಬರೆ. ನಾನು ಹೇಳಿದ್ದನ್ನಲ್ಲ, ನೀನು ಕಂಡದ್ದನ್ನ ಬರೆ." ಅಲ್ಲೇ ನನ್ನ ಟ್ಯೂಬಿನ ಮೇಲೆ ಕೂತು ಬರೆದ. ಈ ಕಾಗದದ ಜೊತೆಗೇ ಟಪಾಲಿಗೆ ಹಾಕುತ್ತಿದ್ದೇನೆ.

ದೊಡ್ಡಮ್ಮ

*

ಫೆಬ್ರವರಿ 20

ದೊಡ್ಡಮ್ಮ, ನನ್ನ ದೊಡ್ಡಮ್ಮ,

ಮೇಜಿನಿಂದಲೇ ಬರೆಯುತ್ತಿದ್ದೇನೆ. ಹೌದು, ಸುಳ್ಳು ಹೇಳಿದ್ದೆ. ಅಂಟಿನ ವಾಸನೆಗೆ ಎರಡು ತಿಂಗಳು ಊಟ ಸೇರಿರಲಿಲ್ಲ.

ಅಧಿಕಾರಿಗಳ ಕಾಗದವನ್ನು ಯಜಮಾನರು ಎಲ್ಲರೆದುರು ಓದಿದರು. "ನಾನು ತಪ್ಪು ಮಾಡಿದೆ" ಎಂದು ಒಂದು ಕಚೇರಿಯ ಕಾಗದದಲ್ಲಿ ಬರೆದದ್ದನ್ನು ನಲವತ್ತು ವರ್ಷದಲ್ಲಿ ಮೊದಲ ಸಲ ನೋಡುತ್ತಿದ್ದೇನೆ ಅಂದರು. ಆಮೇಲೆ ನನ್ನ ಕುರ್ಚಿಯನ್ನು ಅವರೇ ಎತ್ತಿಕೊಂಡು ಬಂದು ಹಾಕಿದರು.

ಇನ್ನೊಂದು ಸುದ್ದಿ. ನಿಮ್ಮೂರಿನ ಉತ್ತರ ದಿಕ್ಕಿನ ಎರಡು ಕಡಲತೀರದ ಊರಿನವರು ಬರೆದಿದ್ದಾರೆ. ಅವರಿಗೂ "ಬೈಯುವ ಕೈಪತ್ರ" ಬೇಕಂತೆ, ಅದೇ ಮಾತುಗಳನ್ನು ಊರಿನ ಹೆಸರು ಬದಲಿಸಿ ಹಾಕಿಕೊಡಿ ಎನ್ನುತ್ತಾರೆ. ಹಾಕಿಬಿಡಲೇ? ಮುಂದಿನ ಸೀಸನ್ನಿಗೆ ಮೊದಲೇ ಬೇಕಂತೆ.

ನಿಮ್ಮ ಮಗಳು

*

ಮಾರ್ಚ್ 31

ಮಗಳೇ,

ಸೀಸನ್ ಇವತ್ತು ಸಂಜೆ ಮುಗಿಯಿತು. ಸೀಟಿಯಪ್ಪ ಬಾವುಟಗಳನ್ನೆಲ್ಲ ಕಿತ್ತು ಸುತ್ತಿಟ್ಟ. ಅವನ ಹತ್ತಿರ ಒಂದು ದಪ್ಪ ಪುಸ್ತಕವಿದೆ, ಪ್ರತಿವರ್ಷ ಕೊನೆಯ ದಿನ ಎಷ್ಟು ಜನ ಹೋದರು ಎಂದು ಬರೆಯುವುದು ಅವನ ಕೆಲಸ. ಪುಟ ತಿರುವಿದ. ಹೋದ ವರ್ಷ ಮೂರು, ಅದರ ಹಿಂದೆ ಎರಡು, ಅದರ ಹಿಂದೆ ಐದು. ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

"ಯಾಕೋ?"

"ಏನು ಬರೀಲಿ ಅಕ್ಕ? ಇಲ್ಲಿ ಯಾವತ್ತೂ ಸೊನ್ನೆ ಬರೆದಿಲ್ಲ."

ಪೆನ್ನು ಕಿತ್ತುಕೊಂಡು ನಾನೇ ಬರೆದೆ. ಪುಟದ ಚೌಕದ ಗೆರೆ ದಾಟಿ ಪಕ್ಕದ ಚೌಕಕ್ಕೂ ಹೋಯಿತು, ಅಷ್ಟು ದೊಡ್ಡ ಸೊನ್ನೆ. ಚಿತ್ರದ ಟೀಚರು ನೋಡಿದ್ದರೆ ಇದೇನು ಮೊಟ್ಟೆಯಾ ಅಂತ ನಗುತ್ತಿದ್ದಳು. ನೋಡಬೇಕಿತ್ತು ಅವಳು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಊರಿನ ಹೆಸರು ಬದಲಿಸಿ ಅದನ್ನೇ ಹಾಕುತ್ತೀಯಾ? ಇಷ್ಟೆಲ್ಲ ಆದ ಮೇಲೂ ಬುದ್ಧಿ ಬರಲಿಲ್ಲವಲ್ಲೇ ನಿನಗೆ! ನಮ್ಮ ನೀರು ಕಲ್ಲುಕಟ್ಟೆಯ ಬಲಕ್ಕೆ ಹೋಗುತ್ತದೆ, ಅವರದು ಎಲ್ಲಿ ಹೋಗುತ್ತದೋ ಯಾರಿಗೆ ಗೊತ್ತು? ಬಂಡೆ ಇದೆಯೋ, ಹೊಳೆ ಸೇರುತ್ತದೋ, ಮರಳು ಎತ್ತ ಸರಿದಿದೆಯೋ? ಒಂದು ಸಮುದ್ರಕ್ಕೆ ಬೈದದ್ದು ಇನ್ನೊಂದಕ್ಕೆ ತಗಲುವುದಿಲ್ಲ. ನೋಡದೆ ಒಂದಕ್ಷರ ಹೇಳುವವಳಲ್ಲ ನಾನು. ಕೂತು ಮೂರು ದಿನ ನೋಡಬೇಕು, ಏರುವಾಗ, ಇಳಿಯುವಾಗ, ಗಾಳಿ ತಿರುಗಿದಾಗ.

ಅದಕ್ಕೇ ಟ್ಯೂಬುಗಳ ಗಾಳಿ ಬಿಟ್ಟು ಮೂಲೆಗೆ ಪೇರಿಸಿ ಕೋಣೆಗಳಿಗೆ ಬೀಗ ಹಾಕಿದ್ದೇನೆ. ಬರುವ ಸೋಮವಾರ ಬೆಳಿಗ್ಗೆ ಏಳರ ಬಸ್ಸಿಗೆ ಉತ್ತರಕ್ಕೆ ಹೊರಡುತ್ತೇನೆ. ಇಸ್ತ್ರಿ ನನ್ನ ಚೀಲ ಹಿಡಿದುಕೊಂಡು ಬಸ್ಸಿನವರೆಗೆ ಬರುತ್ತಾನಂತೆ, ಬರಲಿ, ಭಾರ ಇದೆ. ನಿನ್ನ ಯಜಮಾನರಿಗೆ ಹೇಳಿ ನೀನು ನೇರ ಅಲ್ಲಿಗೇ ಬಾ. ಕಾಲಿಗೆ ಚಪ್ಪಲಿ ಸಾಕು, ಬೂಟು ಬೇಡ. ಮೊಣಕಾಲವರೆಗೆ ನೀರಿಗೆ ಇಳಿಸುತ್ತೇನೆ, ಕಾಲ ಕೆಳಗೆ ಮರಳು ಜಾರುವುದು ಹೇಗಿರುತ್ತದೆ ಅಂತ ಒಂದು ಸಲ ನಿನ್ನ ಪಾದಕ್ಕೇ ತಿಳಿಯಲಿ.

ಆಮೇಲೆ ದಡದಲ್ಲಿ ಕೂತು ನಾನು ಬೈಯುತ್ತೇನೆ, ನೀನು ಬರೆದುಕೋ.

ದೊಡ್ಡಮ್ಮ